ತಮ್ಮಂದಿರ ಜೊತೆ ಜಗಳವಾಡುವ ನೊಬೆಲ್ ಹುಡುಗಿ

ಮಲಾಲಾ ಯೂಸುಫ್‌ಝೈ 2014ರಲ್ಲಿ ಓಸ್ಲೋದಲ್ಲಿ ಮಾಡಿದ ನೊಬೆಲ್ ಭಾಷಣವನ್ನು ಇವತ್ತು ಮತ್ತೆ ಕೇಳಿದೆ. ಆಗ ಆಕೆಗೆ 17 ವರ್ಷ. ಶಾಂತಿ ಪ್ರಶಸ್ತಿ ಪಡೆದವರಲ್ಲಿ ತಮ್ಮಂದಿರ ಜೊತೆ ಇನ್ನೂ ಜಗಳವಾಡುವವಳು ತಾನೇ ಮೊದಲಿರಬೇಕು ಅಂತ ಹೇಳಿ ಎಲ್ಲರನ್ನೂ ನಗಿಸಿದಳು. ನನಗೆ ತುಂಬ ಹಿಡಿಸಿದ್ದು ಆ ಮಾತೇ. ನಮ್ಮ ನಿಮ್ಮ ಮನೆಯಂಥದ್ದೇ ಮನೆ ಅದು.

ಪಾಕಿಸ್ತಾನದ ಸ್ವಾತ್ ಕಣಿವೆಯ ಮಿಂಗೋರಾದಲ್ಲಿ ಅಪ್ಪ ಜಿಯಾವುದ್ದೀನ್ ಶಾಲೆ ನಡೆಸುತ್ತಿದ್ದರು. ಬರೀ ಗಂಡಸರ ಹೆಸರುಗಳೇ ಇದ್ದ ವಂಶವೃಕ್ಷದಲ್ಲಿ ಮಗಳ ಹೆಸರನ್ನು ಕೈಯಾರೆ ಬರೆದವರು ಅವರು. ಅಮ್ಮ ತೂರ್ ಪೆಕಾಯಿಗೆ ಚಿಕ್ಕಂದಿನಲ್ಲಿ ಓದು ದಕ್ಕಲಿಲ್ಲ.

ತಾಲಿಬಾನ್ ಹೆಣ್ಣುಮಕ್ಕಳ ಶಾಲೆ ಮುಚ್ಚಿಸುತ್ತಿದ್ದ 2009ರಲ್ಲಿ, 11ರ ಈ ಹುಡುಗಿ 'ಗುಲ್ ಮಕಾಯಿ' ಹೆಸರಿನಲ್ಲಿ ಬಿಬಿಸಿ ಉರ್ದುವಿಗೆ ದಿನಚರಿ ಬರೆದಳು. 2012ರ ಅಕ್ಟೋಬರ್ 9ರಂದು ತಾಲಿಬಾನಿಗಳು ಶಾಲೆಯ ವಾಹನದಲ್ಲೇ ಆಕೆಯ ತಲೆಗೆ ಗುಂಡು ಹೊಡೆದರು. ಜೊತೆಗಿದ್ದ ಇಬ್ಬರು ಗೆಳತಿಯರಿಗೂ ಗುಂಡು ತಗುಲಿತು. ಅವರನ್ನೂ ನಾವು ನೆನೆಯಬೇಕು, ಅವರದೇನು ಕಡಿಮೆ ಧೈರ್ಯವಲ್ಲ.

ಆದರೂ ಇವತ್ತು ನನ್ನ ತಲೆಯಲ್ಲಿ ಉಳಿದದ್ದು ಅಮ್ಮನೇ. ಮಗಳ ಚಿಕಿತ್ಸೆಗೆಂದು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ಗೆ ಬಂದ ಮೇಲೆ, ಮಕ್ಕಳು ಬೆಳೆದು ನಿಂತ ವಯಸ್ಸಿನಲ್ಲಿ, ಆಕೆ ಇಂಗ್ಲಿಷ್ ಕಲಿಯಲು ತರಗತಿಗೆ ಹೋದರು. ಮಗಳ ಧೈರ್ಯದ ಬಗ್ಗೆ ಲೋಕವೇ ಮಾತಾಡಿದೆ. ಈ ಧೈರ್ಯದ ಬಗ್ಗೆ ಯಾರು ಮಾತಾಡುತ್ತಾರೆ? ಅಲ್ಲೇ ಪಕ್ಕದ ಅಫ್ಘಾನಿಸ್ತಾನದಲ್ಲಿ 2021ರಿಂದ ಆರನೇ ತರಗತಿ ದಾಟಿದ ಹುಡುಗಿಯರಿಗೆ ಶಾಲೆಯ ಬಾಗಿಲು ಮುಚ್ಚಿದೆ. ನೆನೆದರೆ ಹೊಟ್ಟೆ ಉರಿಯುತ್ತದೆ.