ನೆಲ ಮುಟ್ಟದ ಕಾಲು

ಪತ್ರಿಕೆಗೆ ಏನಾದರೂ ಬರೆದುಕೊಡಿ ಸಾರ್ ಎಂದು ಕಾಲೇಜಿನ ಹುಡುಗಿ ಫೋನ್ ಮಾಡಿದಾಗ ನನಗೆ ಥಟ್ಟನೆ ನೆನಪಾದದ್ದು ಒಂದು ಬೈಗುಳ.

1997. ಮೈಸೂರಿನ ಕಲಾಶಾಲೆಯಲ್ಲಿ ಬಿ.ಎಫ್.ಎ., ಅಂದರೆ ಕಲಾ ಪದವಿಯ ಎರಡನೇ ವರ್ಷ. ಎದುರಿಗೆ ನಿಂತವರನ್ನು ನೋಡಿ ಬರೆಯುವ ಲೈಫ್ ಸ್ಟಡಿ ಕ್ಲಾಸಿನಲ್ಲಿ ಮೂರು ದಿನ ಕೂತು, ಹಾಫ್ ಇಂಪೀರಿಯಲ್ ಹಾಳೆಯಲ್ಲಿ (ದೊಡ್ಡ ಡ್ರಾಯಿಂಗ್ ಹಾಳೆಯ ಅರ್ಧ) ನಿಂತ ಮನುಷ್ಯನೊಬ್ಬನನ್ನು ಬರೆದಿದ್ದೆ. ಮುಖ ಹೋಲುತ್ತಿತ್ತು. ಪಂಚೆಯ ನೆರಿಗೆಗಳಂತೂ ನನಗೇ ಜಂಬ ಬರುವಷ್ಟು ಚೆನ್ನಾಗಿದ್ದವು. ಧಾರವಾಡದ ಕಡೆಯಿಂದ ಬಂದಿದ್ದ ಗೆಳೆಯ ನನ್ನ ಬೆನ್ನ ಹಿಂದೆ ಬಂದು ನಿಂತ, ತಲೆ ಓರೆ ಮಾಡಿ ನೋಡಿದ. "ಲೇ, ನಿನ್ನ ಮನಶ್ಯಾ ನಿಂತಿಲ್ಲಲೇ. ಗೂಟಕ್ಕ ಅಂಗಿ ಹಾಕಿದಂಗ ತೂಗಾಕತ್ತಾನ" ಅಂದ. ಇಡೀ ಕ್ಲಾಸು ನಕ್ಕಿತು. ಹದಿನೈದು ದಿನ ಅವನ ಹತ್ತಿರ ಮಾತು ಬಿಟ್ಟೆ. ಹದಿನಾರನೇ ದಿನ ಆ ಚಿತ್ರವನ್ನು ಗೋಡೆಗೆ ಒರಗಿಸಿ ದೂರದಿಂದ ನೋಡಿದರೆ, ಅವನು ಹೇಳಿದ್ದು ನಿಜವಾಗಿತ್ತು. ಹಿಮ್ಮಡಿ ನೆಲದ ಮೇಲಿತ್ತು, ಭಾರ ಮಾತ್ರ ಎಲ್ಲೂ ಇರಲಿಲ್ಲ.

ನಮ್ಮ ಮಾಡೆಲ್ ಒಬ್ಬ ಅಜ್ಜ. ಅವನನ್ನು ಮೈಸೂರಿನ ಎರಡು ಮೂರು ತಲೆಮಾರಿನ ಕಲಾವಿದರಾದರೂ ಬರೆದಿರಬೇಕು. ಇಪ್ಪತ್ತು ನಿಮಿಷ ನಿಂತು, ಐದು ನಿಮಿಷ ಬಿಡುವು ತೆಗೆದುಕೊಂಡು, ಸೀಮೆಸುಣ್ಣದಲ್ಲಿ ಗುರುತು ಮಾಡಿದ ಜಾಗಕ್ಕೇ ಮತ್ತೆ ಪಾದ ಇಟ್ಟು ನಿಲ್ಲುತ್ತಿದ್ದ. ಒಂದು ಬಿಡುವಿನಲ್ಲಿ ಬೀಡಿ ಹಚ್ಚುತ್ತಾ ನನ್ನ ಹಾಳೆ ನೋಡಿ, "ನಂಗೆ ಎಡಗಾಲು ನೋವು ಕಣಪ್ಪ. ಬಲಗಾಲ್ ಮೇಲೇ ನಿಂತಿದ್ದೆ. ನೀನು ಎರಡರ ಮೇಲೂ ನಿಲ್ಲಿಸ್ಬಿಟ್ಟಿದ್ದೀಯ" ಅಂದ. ಮೂರು ದಿನ ನೋಡಿದ್ದ ನನಗೆ ಅದು ಕಂಡಿರಲಿಲ್ಲ.

ಆ ವಾರ ಗುರುಗಳು ಗಾರೆ ಕೆಲಸದವರ ತೂಗುಗುಂಡು ತಂದು ಕೈಗೆ ಕೊಟ್ಟರು. ಒಂದೇ ಕಾಲಿನ ಮೇಲೆ ಭಾರ ಹಾಕಿ ನಿಂತವನ ಕೊರಳ ಗುಳಿಯಿಂದ ದಾರ ಇಳಿಬಿಟ್ಟರೆ, ಅದು ಆ ಕಾಲಿನ ಒಳಬದಿಯ ಹರಡಿನ ಗಂಟಿನ ಹತ್ತಿರವೇ ಬಂದು ನಿಲ್ಲುತ್ತದೆ. ಭಾರ ಬಿದ್ದ ಕಡೆ ಸೊಂಟ ಮೇಲೇರುತ್ತದೆ, ಅದೇ ಕಡೆಯ ಭುಜ ಇಳಿಯುತ್ತದೆ. ಹರಡಿನ ಒಳಗಂಟು ಹೊರಗಂಟಿಗಿಂತ ಸ್ವಲ್ಪ ಮೇಲಿರುತ್ತದೆ ಎಂಬುದು ನನಗೆ ತಿಳಿದದ್ದೂ ಅವತ್ತೇ, ನನ್ನ ಕಾಲನ್ನೇ ಮುಟ್ಟಿ ನೋಡಿಕೊಂಡು. ಅದಕ್ಕೂ ಹಿಂದೆ ಸೋಮನಾಥಪುರದ ವೇಣುಗೋಪಾಲನನ್ನು ಹತ್ತು ಸಲ ಸ್ಕೆಚ್ ಮಾಡಿದ್ದೆ. ಕಲ್ಲು ಕೆತ್ತಿದವನಿಗೆ ಇದೆಲ್ಲ ಗೊತ್ತಿತ್ತು. ನಾನು ಕೊಳಲು, ಕಿರೀಟ, ಮಣಿಹಾರಗಳಲ್ಲೇ ಕಣ್ಣು ಸವೆಸಿದ್ದೆ.

ಮೂಳೆ ಕಲಿತದ್ದು ರೂಮಿನಲ್ಲಿ. ಪಕ್ಕದ ರೂಮಿನ ಎಂ.ಬಿ.ಬಿ.ಎಸ್. ಹುಡುಗ ಸೀನಿಯರ್ ಒಬ್ಬರಿಂದ ಬೋನ್ ಸೆಟ್ ಕೊಂಡು ಟ್ರಂಕಿನಲ್ಲಿ ಇಟ್ಟುಕೊಂಡಿದ್ದ. ಓನರ್ ಆಂಟಿಗೆ ಗೊತ್ತಾದರೆ ಇಬ್ಬರನ್ನೂ ಆಚೆ ಹಾಕುತ್ತಾರೆ ಎಂದು ಬಾಗಿಲು ಹಾಕಿಕೊಂಡು ಬರೆಯುತ್ತಿದ್ದೆವು. ಅಂದರೆ ನಾನು ಬರೆಯುತ್ತಿದ್ದೆ, ಅವನು ಹೆಸರು ಉರು ಹೊಡೆಯುತ್ತಿದ್ದ. ತೊಡೆಮೂಳೆ ಕಂಬದ ಹಾಗೆ ನೆಟ್ಟಗಿಲ್ಲ, ಸೊಂಟದಿಂದ ಮಂಡಿಗೆ ಒಳಮುಖವಾಗಿ ಇಳಿಯುತ್ತದೆ ಎಂದು ತಿಳಿದ ರಾತ್ರಿ, ಅಷ್ಟು ದಿನ ಬರೆದ ತೊಡೆಗಳೆಲ್ಲ ನೆನಪಾಗಿ ನಾಚಿಕೆಯಾಯಿತು. ಮುಂಗೈಯಲ್ಲಿ ಎರಡು ಮೂಳೆ: ರೇಡಿಯಸ್, ಅಲ್ನಾ. ಅಂಗೈ ಮೇಲೆ ಮಾಡಿದರೆ ಎರಡೂ ಅಕ್ಕಪಕ್ಕ. ಅಂಗೈ ಮಗುಚಿದರೆ ರೇಡಿಯಸ್ಸು ಅಲ್ನಾದ ಮೇಲೆ ಕತ್ತರಿಯಂತೆ ಹಾಯುತ್ತದೆ. ಮಗುಚಿದ ಕೈಯ ಹೊರಗೆರೆ ಯಾಕೆ ಬೇರೆ ಥರ ಕಾಣುತ್ತದೆ ಎಂದು ಅಲ್ಲಿಯವರೆಗೆ ನಾನು ಕೇಳಿಕೊಂಡೇ ಇರಲಿಲ್ಲ, ಅಂದಾಜಿನಲ್ಲಿ ಗೆರೆ ಎಳೆಯುತ್ತಿದ್ದೆ.

ಸ್ನಾಯು ಕಲಿತದ್ದು ಗರಡಿಯಲ್ಲಿ. ಮೈಸೂರಿನಲ್ಲಿ ಓದಿದ್ದರ ಭಾಗ್ಯ ಅದು, ಬೇರೆ ಎಷ್ಟೋ ಊರಿನ ಕಲಾಶಾಲೆಯವರಿಗೆ ಸುಲಭಕ್ಕೆ ಸಿಗುವುದಲ್ಲ. ದಸರಾ ಕುಸ್ತಿಗೆ ತಯಾರಿ ನಡೆಯುವ ದಿನಗಳಲ್ಲಿ ಬೆಳಗಿನ ಜಾವ ಹೋಗಿ, ಚಪ್ಪಲಿ ಹೊರಗೆ ಬಿಟ್ಟು, ಮೂಲೆಯಲ್ಲಿ ಕೂತು ಬರೆಯುತ್ತಿದ್ದೆವು. ದಂಡ ಹೊಡೆಯುವ ಪೈಲ್ವಾನನ ಬೆನ್ನಲ್ಲಿ ಹೆಗಲ ಹಲಗೆಗಳು ಒಂದಕ್ಕೊಂದು ಹತ್ತಿರ ಬಂದು ದೂರ ಸರಿಯುವುದನ್ನು ಕೆಂಪು ಮಟ್ಟಿ ಮೆತ್ತಿದ ಚರ್ಮದ ಮೇಲೆ ಸ್ಪಷ್ಟವಾಗಿ ನೋಡಬಹುದಿತ್ತು. ಆದರೆ ಬರೆಯುವಷ್ಟರಲ್ಲಿ ಅವನು ಮೇಲೆದ್ದಿರುತ್ತಿದ್ದ. ನಾಲ್ಕನೇ ದಿನ ಉಸ್ತಾದರು ಬಂದು ನಮ್ಮ ಪುಸ್ತಕ ತಿರುವಿ ಹಾಕಿ, "ಕೂತ್ಕೊಂಡ್ ಬರೆದ್ರೆ ಎಲ್ ಗೊತ್ತಾಯ್ತದೆ? ಐವತ್ತು ದಂಡ ಹೊಡೀರಿ, ಯಾವುದು ಎಲ್ಲೈತೆ ಅಂತ ಮೈಯೇ ಹೇಳ್ತದೆ" ಅಂದರು. ನಾನು ಹದಿನೆಂಟಕ್ಕೆ ಮಲಗಿದೆ. ಮಾರನೆಯ ದಿನ ತೋಳು ಎತ್ತಿ ತಲೆ ಬಾಚಲು ಆಗಲಿಲ್ಲ. ಹೆಗಲ ಸ್ನಾಯು ಡೆಲ್ಟಾಯ್ಡ್ ಎಲ್ಲಿ ಮುಗಿದು ಎದೆಯ ಸ್ನಾಯು ಎಲ್ಲಿ ಅದರಡಿ ತೂರಿಕೊಳ್ಳುತ್ತದೆ ಎಂಬುದನ್ನು ಅವತ್ತು ಕಣ್ಣು ಮುಚ್ಚಿಕೊಂಡು ಬೆರಳಿಟ್ಟು ತೋರಿಸಬಲ್ಲವನಾಗಿದ್ದೆ.

ಶೇಡಿಂಗ್ ವಿಷಯದಲ್ಲಿ ನಾವೆಲ್ಲ ಒಂದೇ ಪಾಪ ಮಾಡಿದವರು. ಮೆತ್ತಗಿನ, ಕಡುಗಪ್ಪು 6ಬಿ ಪೆನ್ಸಿಲ್ಲಿನಲ್ಲಿ ಗೀಚಿ ಬೆರಳಲ್ಲಿ ಉಜ್ಜುವುದು. ಮೈಯೆಲ್ಲ ಹೊಗೆ ಹಿಡಿದ ಪಾತ್ರೆಯ ಹಾಗೆ ಕಾಣುತ್ತಿತ್ತು. ಗುರುಗಳು ಬೆರಳು ತಾಗಿಸುವುದನ್ನೇ ನಿಲ್ಲಿಸಿದರು. ದೇವರಾಜ ಮಾರುಕಟ್ಟೆಯಿಂದ ದೊಡ್ಡದೊಂದು ಬೂದುಗುಂಬಳ ತರಿಸಿ, ಕಿಟಕಿ ಮುಚ್ಚಿ, ಒಂದೇ ಒಂದು ನೂರು ವ್ಯಾಟ್ ಬಲ್ಬ್ ಹಾಕಿ, ವಾರವಿಡೀ ಅದನ್ನೇ ಬರೆಸಿದರು. ಬೂದಿ ಇರುವುದರಿಂದ ಅದು ಮಿರುಗುವುದಿಲ್ಲ. ಬೆಳಕು ನಿಧಾನಕ್ಕೆ ಹೊರಳಿ ನೆರಳಾಗುವುದು ಕಾಣುತ್ತದೆ. ಅತಿ ಕಪ್ಪು ಅಂಚಿನಲ್ಲಿಲ್ಲ. ಬೆಳಕು ಕೈಬಿಟ್ಟ ಕೂಡಲೇ ಬರುವ ಪಟ್ಟಿಯಲ್ಲಿದೆ. ಅದರಾಚೆ, ಮೇಜಿನ ಬಿಳಿ ಬಟ್ಟೆಯಿಂದ ಪುಟಿದ ಬೆಳಕು ನೆರಳನ್ನು ಸ್ವಲ್ಪ ತಿಳಿಯಾಗಿಸುತ್ತದೆ. ಆ ಪುಟಿದ ಬೆಳಕು ಚಂದ ಎಂದು ಎಲ್ಲರೂ ಅದನ್ನು ಬೆಳ್ಳಗೆ ಮಾಡಿದ್ದೆವು. ಅದು ಎಷ್ಟಿದ್ದರೂ ನೆರಳಿನ ಮನೆಯದು, ಬೆಳಕಿನ ಕಡೆಯ ಬೂದು ಬಣ್ಣಕ್ಕಿಂತ ಕಪ್ಪಾಗಿಯೇ ಇರಬೇಕು ಎಂದು ಕಣ್ಣು ಕಿರಿದು ಮಾಡಿ ನೋಡಿಸಿದರು. ಮುಂದಿನ ವಾರ ಅಜ್ಜನ ಮೀನಖಂಡ ಬರೆಯುವಾಗ ನನಗೆ ಕಂಡದ್ದು ಬೂದುಗುಂಬಳವೇ. ಕುಂಬಳಕಾಯಿ ಏನಾಯಿತು ಎಂದು ಕೇಳುವವರಿಗೆ: ಹಾಸ್ಟೆಲಿನಲ್ಲಿ ಮಜ್ಜಿಗೆಹುಳಿಯಾಯಿತು.

ಆಮೇಲೆ ಜಗನ್ಮೋಹನ ಅರಮನೆಗೆ ಹೋಗಿ ಅಲ್ಲಿರುವ ಚಿತ್ರ, ಕಲಾವಿದ ಎಸ್.ಎಲ್. ಹಳದಣಕರರ ದೀಪ ಹಿಡಿದ ಹೆಣ್ಣನ್ನು ಮತ್ತೆ ನೋಡಿದೆವು. ರವಿವರ್ಮನದು ಎಂದು ಈಗಲೂ ಎಷ್ಟೋ ಜನ ತಿಳಿದಿದ್ದಾರೆ. ಜಲವರ್ಣದ್ದು, ಹಳದಣಕರರ ಮಗಳೇ ಅದಕ್ಕೆ ರೂಪದರ್ಶಿ. ಜನ ಮುಖದ ಹೊಳಪು ನೋಡಿ ಬೆರಗಾಗುತ್ತಾರೆ. ನಾವು ಅರ್ಧ ಗಂಟೆ ನಿಂತದ್ದು ದೀಪಕ್ಕೆ ಅಡ್ಡ ಹಿಡಿದ ಬೆರಳುಗಳ ಮುಂದೆ. ಬೆಳಕು ಬೆರಳಿನ ಮೇಲೆ ಬೀಳುವುದರ ಜೊತೆಗೆ ಬೆರಳೊಳಗಿಂದ ಕೆಂಪಾಗಿ ಹಾಯುತ್ತದೆ. ಕುಂಬಳಕಾಯಿ ಅದನ್ನು ಕಲಿಸಿರಲಿಲ್ಲ.

ಇಷ್ಟಾದರೂ ನನ್ನ ಚಿತ್ರ ತಿದ್ದಿದ್ದು ಶನಿವಾರದ ಗೋಡೆ ಎಂದೇ ನನ್ನ ನಂಬಿಕೆ. ಅದನ್ನು ಶುರು ಮಾಡಿದವರು ನಾವೇ ಏಳು ಜನ. ಮಧ್ಯಾಹ್ನ ಕ್ಲಾಸು ಬಿಟ್ಟ ಮೇಲೆ ಎಲ್ಲರ ಹಾಳೆ ಗೋಡೆಗೆ. ಬರೆದವರು ಬಾಯಿ ತೆರೆಯುವಂತಿಲ್ಲ. "ಚೆನ್ನಾಗಿದೆ" ಅಂದವರು ಎಲ್ಲರಿಗೂ ಟೀ ಕೊಡಿಸಬೇಕು, "ಚೆನ್ನಾಗಿಲ್ಲ" ಅಂದವರೂ ಅಷ್ಟೇ. ಎಲ್ಲಿ, ಯಾಕೆ ಎಂದು ಹೇಳಬೇಕು. ಇನ್ನೊಬ್ಬರ ಹಾಳೆ ಮೇಲೆ ಗೆರೆ ಎಳೆಯುವಂತಿಲ್ಲ, ಮೇಲೆ ಬಟರ್ ಪೇಪರ್ (ಕೆಳಗಿನ ಗೆರೆ ಕಾಣುವ ತೆಳು ಹಾಳೆ) ಇಟ್ಟು ತೋರಿಸಬೇಕು. ಹಾಸನದ ಗೆಳತಿ ಶೇವಿಂಗ್ ಕನ್ನಡಿಯೊಂದನ್ನು ತರುತ್ತಿದ್ದಳು. ಚಿತ್ರವನ್ನು ಅದರಲ್ಲಿ ತಿರುಗುಮುರುಗಾಗಿ ನೋಡಿದರೆ ವಾಲಿದ ಕಣ್ಣು, ಉದ್ದವಾದ ತೋಳು ತಾವಾಗಿ ಎದ್ದು ಕಾಣುತ್ತಿದ್ದವು. ನನ್ನ ಮನುಷ್ಯರಿಗೆಲ್ಲ ಎಡಗಡೆ ವಾಲುವ ಚಾಳಿ ಇದೆ ಎಂದು ಆ ಕನ್ನಡಿ ತೋರಿಸಿತು. ಅವಳು ಒಂದು ಸಲ ಇಡೀ ಟರ್ಮಿನ ತನ್ನ ಕೆಲಸವನ್ನೆಲ್ಲ ಸುತ್ತಿ ಇಟ್ಟು ಅತ್ತುಕೊಂಡು ಹೋದದ್ದೂ ಉಂಟು. ಟೀಕೆ ಯಾರಿಗೆ ಎಷ್ಟು ಹಿಡಿಸುತ್ತದೆ ಎಂದು ನೋಡಿಕೊಳ್ಳುವ ಬುದ್ಧಿ ನಮಗಿರಲಿಲ್ಲ. ಆ ವಾರ ಟೀ ಯಾರೂ ಕುಡಿಯಲಿಲ್ಲ.

ಕೊನೆಯ ವರ್ಷ ಅಜ್ಜನನ್ನು ಫುಲ್ ಇಂಪೀರಿಯಲ್ ಹಾಳೆಯಲ್ಲಿ ಇದ್ದಿಲಿನಲ್ಲಿ ಬರೆದೆ. ಹೆಚ್ಚಾದ ಕಪ್ಪನ್ನು ಬ್ರೆಡ್ಡಿನ ಒಳತಿರುಳು ಒತ್ತಿ ತೆಗೆದೆ, ಅಂಚು ನಾನೇ ತಿಂದೆ. ಗೋಡೆಗೆ ಹಾಕಿದ ಶನಿವಾರ ಧಾರವಾಡದವನು ಬಹಳ ಹೊತ್ತು ನೋಡಿ, "ಚಲೋ ಅದ" ಅಂದು, ಜೇಬಿನಿಂದ ಟೀ ದುಡ್ಡು ತೆಗೆದು ಮೇಜಿನ ಮೇಲಿಟ್ಟ.

ಹೋದ ತಿಂಗಳು ಊರಿನಲ್ಲಿ ಅಟ್ಟ ಇಳಿಸುವಾಗ ಆ ಹಾಳೆಯ ಸುರುಳಿ ಸಿಕ್ಕಿತು. ತಲೆ, ಎದೆ, ಎತ್ತಿದ ಸೊಂಟ ಎಲ್ಲ ಹಾಗೇ ಇದೆ. ಕೆಳಗಿನ ಒಂದು ಗೇಣನ್ನು ಗೆದ್ದಲು ತಿಂದಿದೆ, ಬಲಪಾದ ಪೂರ್ತಿ ಹೋಗಿದೆ. ಫೋಟೋ ತೆಗೆದು ಧಾರವಾಡದವನಿಗೆ ಕಳಿಸಿದೆ. ಎರಡು ನಿಮಿಷಕ್ಕೆ ಉತ್ತರ ಬಂತು: "ಮತ್ತ ತೂಗಾಕತ್ತಾನಲೇ."