ಲೊರೇನ್‌ಗೆ ಇನ್ನೊಂದಿಷ್ಟು ಪುಟ ಬೇಕಿತ್ತು

"ಅಕ್ಕಾ, ದುಡ್ಡಿಲ್ಲ ಅಂತ ಪ್ರೀತಿಸೋರ ಹತ್ರ ಹೇಳೋದೇ ಜಾಸ್ತಿ ಕಷ್ಟ."

ಸೋಮವಾರ ಬೆಳಗ್ಗೆ ಬೆಂಗಳೂರಿನ ಟ್ರೇನಿನಲ್ಲಿ ಪಕ್ಕದ ಹುಡುಗಿ ಹೇಳಿದ ಈ ಮಾತು ವಾರವೆಲ್ಲಾ ತಲೆಯಲ್ಲಿ ಕೂತಿದೆ. ತುಮಕೂರಿನಲ್ಲಿ ಸೀಟು ಹಿಡಿದರೆ ಯಶವಂತಪುರದವರೆಗೂ ಓದುವವಳು ಅವಳು. ಒಳ್ಳೆಯ ಹುಡುಗಿ, ಆದರೆ ಕಥೆಯಲ್ಲಿ ಯಾರು ಅತ್ತರೂ ಅಳುತ್ತಾಳೆ. ಸ್ಯಾಲಿ ರೂನಿ ಬರೆದ 'ನಾರ್ಮಲ್ ಪೀಪಲ್' ಕೊಟ್ಟಿದ್ದು ಅವಳೇ. 2018ರ ಐರಿಶ್ ಕಾದಂಬರಿ. 2020ರಲ್ಲಿ ಟಿವಿ ಸರಣಿಯಾದ ಮೇಲಂತೂ ಎಲ್ಲೆಲ್ಲೂ ಅದರದ್ದೇ ಮಾತು.

ಕಾನಲ್ ಬಡವರ ಹುಡುಗ, ಮೇರಿಯಾನ್ ಶ್ರೀಮಂತರ ಮಗಳು. ಡಬ್ಲಿನ್‌ನಲ್ಲಿ ಓದುವಾಗ ಒಂದು ಬೇಸಿಗೆಯಲ್ಲಿ ಅವನಿಗೆ ಬಾಡಿಗೆ ಕಟ್ಟಲು ಆಗುವುದಿಲ್ಲ. 'ನಿನ್ನ ಫ್ಲಾಟಲ್ಲೇ ಇರ್ಲಾ' ಅಂತ ಕೇಳುವುದಿಲ್ಲ. ಅವನಿಗೆ ತಾನು ಬೇಡವಾದೆ ಅಂದುಕೊಳ್ಳುತ್ತಾಳೆ ಅವಳು. ಅಷ್ಟಕ್ಕೇ ದೂರವಾಗುತ್ತಾರೆ. "ಒಂದು ಮಾತು ಕೇಳೋಕೇನು?" ಅಂದೆ ನಾನು. ಅದಕ್ಕೆ ಪಕ್ಕದ ಹುಡುಗಿ ಕೊಟ್ಟ ಉತ್ತರವೇ ಮೊದಲು ಹೇಳಿದ ಆ ಮಾತು. ಹಿರೇಹಳ್ಳಿ ದಾಟಿತ್ತು. ದಾಬಸ್‌ಪೇಟೆ ಬರುವವರೆಗೂ ಇಬ್ಬರೂ ಮಾತಾಡಲಿಲ್ಲ.

ದುಡ್ಡಿಲ್ಲ ಅಂತ ಪ್ರೀತಿಸೋರ ಹತ್ರ ಹೇಳೋದು ಕಷ್ಟ. ನಿಜ. ಅದಕ್ಕೇ ನನಗೆ ಬೇಜಾರು. ಆ ಕಷ್ಟದ ಒಳಗೇ ಇಡೀ ಕಾದಂಬರಿ ಇತ್ತು. ಇಲ್ಲಿ ಅದು ಇಬ್ಬರನ್ನು ಬೇರೆ ಮಾಡಲು ಬಂತು, ಕೆಲಸ ಮುಗಿಸಿ ಹೋಯಿತು. ಆಮೇಲೆ ಮತ್ತೆ ಸೇರುತ್ತಾರೆ, ಮತ್ತೆ ಸುಮ್ಮನಾಗುತ್ತಾರೆ.

ಕಾನಲ್‌ನ ಅಮ್ಮ ಲೊರೇನ್, ಮೇರಿಯಾನ್ ಮನೆಯಲ್ಲೇ ಕಸ ಗುಡಿಸಿ ಒರೆಸುವವಳು. ನನ್ನಮ್ಮನೂ ಮನೆಗೆಲಸ ಮಾಡಿಯೇ ನನ್ನನ್ನು ಓದಿಸಿದ್ದು. ಹಿಂಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಹೋಗುತ್ತಿದ್ದಳು. ಅವಳ ಕಾಫಿ ಲೋಟ ಬೇರೆ, ಹೊರಗಿನ ಕಿಟಕಿಯ ಕಟ್ಟೆ ಮೇಲೆ ಬೋರಲು ಹಾಕಿರುತ್ತಿತ್ತು. ಕುಡಿದು, ತೊಳೆದು, ಅಲ್ಲೇ ಇಡಬೇಕು. ಆ ಮನೆಯ ಹುಡುಗ ನನ್ನದೇ ಕ್ಲಾಸು. ಸ್ಕೂಲಿನಲ್ಲಿ ಪರಿಚಯವೇ ಇಲ್ಲದ ಹಾಗೆ ಇರುತ್ತಿದ್ದೆವು. ಹಾಗಾಗಿ ಕಾನಲ್ ಸ್ಕೂಲಿನಲ್ಲಿ ಮೇರಿಯಾನ್ ಕಡೆ ತಿರುಗಿಯೂ ನೋಡದಿದ್ದಾಗ ಎದೆ ಧಸಕ್ಕೆಂದಿತು. ಇಲ್ಲಿ ಪ್ರೀತಿಯನ್ನು ಮುಚ್ಚಿಡುತ್ತಿರುವವನು ಕೆಲಸದವಳ ಮಗನೇ.

ಮೇರಿಯಾನ್‌ಳನ್ನು ಬಿಟ್ಟು ಕಾನಲ್ ಇನ್ನೊಬ್ಬ ಹುಡುಗಿಯನ್ನು ಸ್ಕೂಲಿನ ಬೀಳ್ಕೊಡುಗೆ ಪಾರ್ಟಿಗೆ ಕರೆಯುತ್ತಾನೆ. ವಿಷಯ ತಿಳಿದ ಲೊರೇನ್ ನಾಚಿಕೆಯಾಗುತ್ತೆ ನಿನ್ನಿಂದ ಅಂತ ಮಗನಿಗೆ ಬೈದು, ಅವನ ಕಾರು ನಿಲ್ಲಿಸಿ ಇಳಿದುಬಿಡುತ್ತಾಳೆ, ಬಸ್ಸಿನಲ್ಲಿ ಹೋಗುತ್ತೀನಿ ಅಂತ. ಎಂಥಾ ಹೆಂಗಸು! ನಾನು ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಕೂತೆ. ಮುಂದಿನ ಸಲ ಅದೇ ಮನೆಯ ನೆಲ ಒರೆಸುವಾಗ ಇವಳಿಗೆ ಏನನ್ನಿಸಿತು? ಮೇರಿಯಾನ್‌ಳ ಮುಖ ಹೇಗೆ ನೋಡಿದಳು? ಕಥೆ ಕಾನಲ್, ಮೇರಿಯಾನ್ ಇಬ್ಬರ ಮನಸ್ಸಿನಲ್ಲೇ ಓಡಾಡುತ್ತದೆ. ಲೊರೇನ್‌ಳ ಮನಸ್ಸಿನ ಬಾಗಿಲು ತೆರೆಯುವುದೇ ಇಲ್ಲ.

ಬರೆಯಲು ಬಾರದವರು ಬರೆದಿದ್ದರೆ ಇಷ್ಟು ಬೇಸರ ಇರುತ್ತಿರಲಿಲ್ಲ. ಸ್ಕಾಲರ್‌ಶಿಪ್ ಸಿಕ್ಕಿ ಊಟ, ರೂಮಿನ ಚಿಂತೆ ಹೋದಾಗ ಕಾನಲ್‌ಗೆ ಜಗತ್ತೇ ಬೇರೆಯಾಗಿ ಕಾಣುವ ಪುಟಗಳು ಎಷ್ಟು ಚೆನ್ನಾಗಿವೆ! ದುಡ್ಡು ಏನು ಮಾಡುತ್ತೆ ಅಂತ ರೂನಿಗೆ ಚೆನ್ನಾಗಿ ಗೊತ್ತು. ಆದರೂ ಪ್ರೀತಿ ಅಂದರೆ ಇಬ್ಬರದ್ದೇ ವಿಷಯ ಅನ್ನುವ ಹಾಗೆ ಬರೆದುಬಿಟ್ಟರಲ್ಲ. ನಮ್ಮಲ್ಲಿ ಅಂಥ ಎರಡು ಮನೆಗಳ ಮಧ್ಯೆ ಪ್ರೀತಿಯ ಸುದ್ದಿ ಹೊರಬಿದ್ದರೆ ಮೊದಲು ಕೆಲಸ ಕಳೆದುಕೊಳ್ಳುವುದು ಅಮ್ಮ. ಆ ತಿಂಗಳ ಸಂಬಳ ಕೇಳಲು ಹಿಂಬಾಗಿಲಿಗೆ ಹೋಗಬೇಕಾದವಳೂ ಅವಳೇ.