ಎಲ್ಲಿ ಸಿಟ್ಟು ಬಂತು?

ಚಿಕ್ಕಮಗಳೂರಿನ ಒಂದು ಬಾಡಿಗೆ ಲೈಬ್ರರಿಯಲ್ಲಿ ನನಗಿದು ಹನ್ನೊಂದನೇ ವರ್ಷ. ಎಂ.ಜಿ. ರಸ್ತೆಯಿಂದ ಸ್ವಲ್ಪ ಒಳಗೆ, ಮೆಟ್ಟಿಲು ಹತ್ತಿ ಹೋದರೆ ಎರಡು ಕೋಣೆ. ಒಂದರಲ್ಲಿ ಕನ್ನಡ ಪುಸ್ತಕ, ಇನ್ನೊಂದರಲ್ಲಿ ಇಂಗ್ಲಿಷ್. ಮಳೆಗಾಲದಲ್ಲಿ ಪುಸ್ತಕಕ್ಕೆ ಬೂಷ್ಟು ಹಿಡಿಯದ ಹಾಗೆ ನೋಡಿಕೊಳ್ಳುವುದೇ ಅರ್ಧ ಕೆಲಸ. ಬೀರುವಿನೊಳಗೆ ಬಲ್ಬ್ ಉರಿಸಿಡುತ್ತೇವೆ, ಬಿಸಿಲು ಕಂಡ ದಿನ ಎಲ್ಲವನ್ನೂ ಕಿಟಕಿ ಹತ್ತಿರ ಹರಡುತ್ತೇವೆ. ಉಳಿದ ಅರ್ಧ ಕೆಲಸ ಪುಸ್ತಕ ಕೊಡುವುದು, ವಾಪಸ್ ತೆಗೆದುಕೊಳ್ಳುವುದು.

ಮೊದಲೆಲ್ಲ ಪುಸ್ತಕ ವಾಪಸ್ ಬಂದಾಗ "ಚೆನ್ನಾಗಿತ್ತಾ?" ಅಂತ ಕೇಳುತ್ತಿದ್ದೆ. "ಹೂಂ, ಪರವಾಗಿಲ್ಲ" ಅನ್ನುತ್ತಿದ್ದರು. ಅಲ್ಲಿಗೆ ಮಾತು ಮುಗೀತು. ಮುಂದಿನ ಪುಸ್ತಕ ಯಾವುದು ಕೊಡಬೇಕು ಅಂತ ಆ ಉತ್ತರದಿಂದ ಏನೂ ತಿಳಿಯುತ್ತಿರಲಿಲ್ಲ. ಈಗ ನಾನು ಕೇಳುವುದು ಬೇರೆ. "ಓದ್ತಾ ಓದ್ತಾ ಎಲ್ಲಿ ಸಿಟ್ಟು ಬಂತು?" ಈ ಪ್ರಶ್ನೆ ಕೇಳಿದರೆ ಜನ ಬ್ಯಾಗ್ ಕೆಳಗಿಟ್ಟು, ಕುರ್ಚಿ ಎಳೆದುಕೊಂಡು ಕೂರುತ್ತಾರೆ. ಇದನ್ನು ನನಗೆ ಕಲಿಸಿದ್ದು ದೇವದೂತರ ಪ್ರೇಮಕಥೆಗಳ ಕಪಾಟು.

ಪ್ಯಾರಾನಾರ್ಮಲ್ ರೊಮಾನ್ಸ್ ಅಂತ ಕರೆಯುತ್ತಾರೆ. ಹುಡುಗಿ ನಮ್ಮ ನಿಮ್ಮ ಹಾಗೆ ಮನುಷ್ಯಳು. ಹುಡುಗ ರಕ್ತ ಕುಡಿಯುವವನೋ, ತೋಳವಾಗುವವನೋ, ಸ್ವರ್ಗದಿಂದ ಬಿದ್ದ ದೇವದೂತನೋ ಆಗಿರುತ್ತಾನೆ. 2005ರಲ್ಲಿ 'ಟ್ವೈಲೈಟ್' ಅನ್ನುವ ರಕ್ತ ಕುಡಿಯುವವನ ಪ್ರೇಮಕಾದಂಬರಿ ಬಂದ ಮೇಲೆ ಈ ಅಲೆ ಎದ್ದಿತು. 2009ರ ಹೊತ್ತಿಗೆ ದೇವದೂತರ ಸರದಿ. ನಮ್ಮಲ್ಲಿಗೆ ಇವೆಲ್ಲ ತಡವಾಗಿ, ಬೆಂಗಳೂರಿನ ಹಳೇ ಪುಸ್ತಕದ ಅಂಗಡಿಗಳಿಂದ ಮೂಟೆಯಲ್ಲಿ ಬಂದವು. ನಾನು ಅವುಗಳನ್ನು ಕೆಳಗಿನ ಸಾಲಿನಲ್ಲಿ, ಬಗ್ಗಿ ನೋಡಬೇಕಾದ ಜಾಗದಲ್ಲಿ ಇಟ್ಟಿದ್ದೆ. ಇದು ತೇಜಸ್ವಿ ಬದುಕಿ ಬರೆದ ಜಿಲ್ಲೆ, ಇಲ್ಲಿ ಇಂಥವನ್ನು ಯಾರು ಓದುತ್ತಾರೆ ಅಂದುಕೊಂಡಿದ್ದೆ. ಆದರೆ ಹುಡುಗಿಯರು ನೆಲದ ಮೇಲೆ ಕೂತು ಹುಡುಕುತ್ತಿದ್ದರು. ಒಬ್ಬಳು ಕನ್ನಡ ಮೀಡಿಯಂನಲ್ಲಿ ಓದಿ ಕಾಲೇಜಿಗೆ ಬಂದವಳು, ಪುಸ್ತಕ ವಾಪಸ್ ಕೊಡುವಾಗ ಅದನ್ನು ಎದೆಗೆ ಒತ್ತಿಕೊಂಡೇ ನಿಂತಿದ್ದಳು. "ಮೇಡಂ, ನಾನು ಪೂರ್ತಿ ಮುಗಿಸಿದ ಮೊದಲನೇ ಇಂಗ್ಲಿಷ್ ಪುಸ್ತಕ ಇದು" ಅಂದಳು. ಮಾರನೇ ದಿನ ಆ ಕಪಾಟನ್ನು ಕಣ್ಣಿನ ಎತ್ತರಕ್ಕೆ ತಂದೆ.

ಆಮೇಲೆ ಎರಡು ತಪ್ಪು ಮಾಡಿದೆ. ಒಂದು ಚಿಕ್ಕದು, ಒಂದು ದೊಡ್ಡದು.

ಚಿಕ್ಕದು ಸರಣಿಯ ಕ್ರಮದ್ದು. 'ಹಶ್, ಹಶ್' ಅನ್ನುವ ಸರಣಿಯಲ್ಲಿ ನಾಲ್ಕು ಭಾಗ, 2009ರಿಂದ 2012ರವರೆಗೆ ವರ್ಷಕ್ಕೊಂದು ಬಂದವು. ಹೆಸರು ನೋಡಿದರೆ ಯಾವುದು ಮೊದಲು, ಯಾವುದು ಆಮೇಲೆ ಅಂತ ಗೊತ್ತಾಗಲ್ಲ. ನಾನು ಒಬ್ಬರಿಗೆ ಮೂರನೆಯದನ್ನೇ ಮೊದಲು ಕೊಟ್ಟುಬಿಟ್ಟೆ. ಆ ಭಾಗ ಶುರುವಾಗುವುದೇ ನಾಯಕಿ ಹಿಂದಿನ ತಿಂಗಳುಗಳ ನೆನಪೆಲ್ಲ ಕಳೆದುಕೊಂಡು ಎಚ್ಚರಗೊಳ್ಳುವುದರಿಂದ. ಓದಿದವರಿಗೆ ತಲೆಬುಡ ಸಿಗಲಿಲ್ಲ, ಆದರೂ ಕಥೆಯೇ ಹಾಗಿರಬೇಕು ಅಂತ ಸುಮ್ಮನೆ ಮುಗಿಸಿದರು. ಅವತ್ತಿನಿಂದ ಎಲ್ಲ ಸರಣಿಗಳ ಬೆನ್ನಿಗೂ 1, 2, 3 ಅಂತ ಚೀಟಿ ಅಂಟಿಸಿದ್ದೇನೆ.

ದೊಡ್ಡ ತಪ್ಪು ವಯಸ್ಸಿನದು. ಒಂಬತ್ತನೇ ಕ್ಲಾಸಿನ ಹುಡುಗಿ ರೆಕ್ಕೆಯ ಚಿತ್ರವಿರುವ ಇನ್ನೊಂದು ಪುಸ್ತಕ ಬೇಕು ಅಂದಳು. ಕಪಾಟಿನಿಂದ ಒಂದು ತೆಗೆದುಕೊಟ್ಟೆ. ಅದೇ ಕಪ್ಪು ಹಿನ್ನೆಲೆ, ಅದೇ ರೆಕ್ಕೆ. ಒಳಗೆ ಏನಿದೆ ಅಂತ ನಾನು ನೋಡಿರಲಿಲ್ಲ. ಅದು ದೊಡ್ಡವರಿಗೆ ಅಂತಲೇ ಬರೆದ ಸರಣಿ. ಮಲಗುವ ಕೋಣೆಯ ಸಂಗತಿ, ಹಿಂಸೆ, ಎಲ್ಲ ಬಿಚ್ಚಿ ಬರೆದದ್ದು. ಎರಡು ದಿನ ಬಿಟ್ಟು ಅವಳ ಅಮ್ಮ ಆಲ್ದೂರು ಕಡೆಯಿಂದ ಬಸ್ಸಿನಲ್ಲಿ ಬಂದರು. ಕಾಫಿ ಹಣ್ಣಿನ ಕೊಯ್ಲಿನ ಸಮಯ, ಒಂದು ದಿನದ ಕೂಲಿ ಬಿಟ್ಟು ಬಂದಿದ್ದರು. ಕೂಗಾಡಲಿಲ್ಲ. ಪುಸ್ತಕವನ್ನು ಪತ್ರಿಕೆಯಲ್ಲಿ ಸುತ್ತಿ ತಂದಿದ್ದರು, ಮೇಜಿನ ಮೇಲಿಟ್ಟರು. "ನಂಗೆ ಇಂಗ್ಲಿಷ್ ಬರಲ್ಲ. ನಿಮ್ಮನ್ನ ನಂಬಿ ಕಳಿಸಿದ್ದು" ಅಂದರು. ಅಷ್ಟೇ.

ಆ ಮಾತು ನನಗೆ ಬಹಳ ದಿನ ನಿದ್ದೆ ಕೊಡಲಿಲ್ಲ. ಸಿನಿಮಾಗಾದರೆ ಸರ್ಟಿಫಿಕೇಟ್ ಇರುತ್ತದೆ, ಪುಸ್ತಕಕ್ಕೆ ಇಲ್ಲ. ಕೊಡುವವರೇ ಓದಿರಬೇಕು. ಮುಂದಿನ ಮೂರು ತಿಂಗಳು ರಾತ್ರಿ ಊಟ ಆದ ಮೇಲೆ ಆ ಕಪಾಟಿನ ಪುಸ್ತಕಗಳನ್ನು ಒಂದೊಂದಾಗಿ ಮನೆಗೆ ತಂದೆ. ಎಲ್ಲವನ್ನೂ ಪೂರ್ತಿ ಓದಲು ಆಗುವುದಿಲ್ಲ. ಮೊದಲ ಐವತ್ತು ಪುಟ, ನಡುವೆ ಮೂರು ಕಡೆ, ಕೊನೆಯ ಅಧ್ಯಾಯ ಓದುತ್ತಿದ್ದೆ. ದೊಡ್ಡವರದ್ದಕ್ಕೆ ಬೆನ್ನಿನ ಮೇಲೆ ಕೆಂಪು ಚುಕ್ಕೆ. ಚುಕ್ಕೆ ಇದ್ದದ್ದು ಹದಿನೆಂಟು ದಾಟಿದವರಿಗೆ ಮಾತ್ರ. ಆ ಹುಡುಗಿ ಬರುವುದು ನಿಲ್ಲಿಸಲಿಲ್ಲ, ಅದು ಅವಳ ಅಮ್ಮನ ದೊಡ್ಡತನ.

ಓದಿದ ಮೇಲೆ ನನಗೂ ಮಾತಾಡಲು ವಿಷಯ ಸಿಕ್ಕಿತು. ಆಗಲೇ ಆ ಪ್ರಶ್ನೆ ಬಾಯಿಗೆ ಬಂದದ್ದು.

ಚರ್ಚ್ ಕಾಯರ್‌ನಲ್ಲಿ ಹಾಡುವ ಒಬ್ಬ ಟೀಚರ್‌ಗೆ ಸಿಟ್ಟು ಬಂದದ್ದು ರೆಕ್ಕೆಯ ವಿಷಯಕ್ಕೆ. "ಎರಡೇ ರೆಕ್ಕೆ ಯಾಕೆ? ಬೈಬಲಲ್ಲಿ ಯೆಶಾಯನ ಆರನೇ ಅಧ್ಯಾಯದಲ್ಲಿ ಸೆರಾಫಿಯರು ಅನ್ನೋ ದೂತರಿಗೆ ಆರು ರೆಕ್ಕೆ. ಯೆಹೆಜ್ಕೇಲನಲ್ಲಿ ನಾಲ್ಕು. ಅಬ್ರಹಾಮನ ಗುಡಾರಕ್ಕೆ ಬಂದ ದೂತರನ್ನ ನೋಡಿದ್ರೆ ಮನುಷ್ಯರ ಹಾಗೇ ಇದ್ರು" ಅಂದರು. ಈ ಕಾದಂಬರಿಗಳಲ್ಲಿ ಪದೇ ಪದೇ ಬರುವ ನೆಫಿಲಿಮ್ (ದೇವದೂತರಿಗೂ ಮನುಷ್ಯ ಹೆಣ್ಣುಗಳಿಗೂ ಹುಟ್ಟಿದವರು) ಅನ್ನುವ ಪದದ ಮೂಲ ಹೇಳಿಕೊಟ್ಟವರೂ ಅವರೇ. ಆದಿಕಾಂಡದ ಆರನೇ ಅಧ್ಯಾಯದಲ್ಲಿ ನಾಲ್ಕೇ ಸಾಲು. ಬೈಬಲಿನ ಹೊರಗೆ ಉಳಿದ ಹನೋಕನ ಪುಸ್ತಕದಲ್ಲಿ ಅದೇ ದೊಡ್ಡ ಕಥೆಯಾಗಿದೆ. ಇನ್ನೂರು ದೂತರು ಹೆರ್ಮೋನ್ ಬೆಟ್ಟದ ಮೇಲೆ ಇಳಿದು, ಮನುಷ್ಯರ ಹೆಣ್ಣುಮಕ್ಕಳನ್ನು ಮದುವೆಯಾದರಂತೆ. ಇಥಿಯೋಪಿಯಾದ ಆರ್ಥೊಡಾಕ್ಸ್ ಚರ್ಚ್ ಇವತ್ತಿಗೂ ಆ ಪುಸ್ತಕವನ್ನು ತನ್ನ ಬೈಬಲಿನಲ್ಲಿ ಇಟ್ಟುಕೊಂಡಿದೆ. ಟೀಚರ್ ಇಷ್ಟೆಲ್ಲ ಸಿಟ್ಟು ಮಾಡಿಕೊಂಡೂ ಎರಡನೇ ಭಾಗ ಕೇಳಿ ಒಯ್ದರು. ತಪ್ಪು ಎಲ್ಲೆಲ್ಲಿ ಇದೆ ಅಂತ ನೋಡಬೇಕು ಅಂದರು.

ಬಿ.ಕಾಂ. ಓದುತ್ತಿದ್ದ ಮುಸ್ಲಿಂ ಹುಡುಗಿಯೊಬ್ಬಳ ಮಾತು ನನಗೆ ಇನ್ನೂ ಜಾಸ್ತಿ ಇಷ್ಟವಾಯಿತು. "ಮಲಕ್‌ಗಳು, ಅಂದ್ರೆ ದೇವದೂತರು, ದೇವರ ಮಾತು ಮೀರಲ್ಲ ಮೇಡಂ. ಅವರು ಬೆಳಕಿನಿಂದ ಆದವರು. ಅದಕ್ಕೇ ನಂಗೆ ಕಥೆ ಒಳಗೆ ಹೋಗೋಕೆ ಆಗ್ಲಿಲ್ಲ. ಆಮೇಲೆ ಇವನು ಜಿನ್ ಅಂದ್ಕೊಂಡು ಮೊದಲಿಂದ ಓದಿದೆ. ಎಲ್ಲ ಸರಿಹೋಯ್ತು." ಜಿನ್‌ಗಳಿಗೆ ಮನುಷ್ಯರ ಹಾಗೆ ತಪ್ಪು ಮಾಡುವ ಸ್ವಾತಂತ್ರ್ಯವಿದೆ, ಇಬ್ಲೀಸನನ್ನೂ, ಅಂದರೆ ಸೈತಾನನನ್ನೂ, ಕುರಾನ್ ಜಿನ್ ಅಂತಲೇ ಹೇಳುತ್ತದೆ ಅಂತ ವಿವರಿಸಿದಳು. ಒಂದು ಹೆಸರು ಬದಲಾಯಿಸಿಕೊಂಡು ಇಡೀ ಪುಸ್ತಕವನ್ನು ತನ್ನದು ಮಾಡಿಕೊಂಡಿದ್ದಳು. ಅಷ್ಟು ಚೆನ್ನಾಗಿ ಓದಿದವರನ್ನು ನಾನು ಹೆಚ್ಚು ನೋಡಿಲ್ಲ.

ರಿಟೈರ್ ಆದ ಕನ್ನಡ ಮೇಷ್ಟ್ರು ಮೊಮ್ಮಗಳ ಪುಸ್ತಕ ವಾಪಸ್ ಕೊಡಲು ಬಂದವರು, ತಾವೂ ಓದಿದ್ದೇನೆ ಅಂದರು. ಅವರಿಗೆ ಸಿಟ್ಟಿಗಿಂತ ಆಶ್ಚರ್ಯ ಜಾಸ್ತಿ. "ಇವರಲ್ಲಿ ಇಳಿದು ಬರೋನು ಗಂಡು, ನೋಡಿ. ನಮ್ಮಲ್ಲಿ ಊರ್ವಶಿ ಇಳಿದು ಬರ್ತಾಳೆ, ಬಿಟ್ಟು ಹೋಗ್ತಾಳೆ, ಪುರೂರವ ಅಳ್ತಾ ಹಿಂದೆ ಓಡ್ತಾನೆ." ಋಗ್ವೇದದ ಹತ್ತನೇ ಮಂಡಲದ 95ನೇ ಸೂಕ್ತ ಪೂರ್ತಿ ಅವರಿಬ್ಬರ ಮಾತುಕತೆಯೇ ಅಂತ ಹೇಳಿದರು. ನಾನು 'ನಾಗಮಂಡಲ' ನೆನಪಿಸಿದೆ. ಕಾರ್ನಾಡರು 1988ರಲ್ಲಿ ಬರೆದದ್ದು, ಎ.ಕೆ. ರಾಮಾನುಜನ್ ಅವರಿಂದ ಕೇಳಿದ ಜನಪದ ಕಥೆಯಿಂದ ಎತ್ತಿಕೊಂಡದ್ದು. ಗಂಡನ ರೂಪದಲ್ಲಿ ರಾತ್ರಿ ಬರುವ ಹಾವು, ಅದನ್ನು ಪ್ರೀತಿಸುವ ಹೆಣ್ಣು. ಮೇಷ್ಟ್ರು ಮೇಜು ತಟ್ಟಿದರು. ಈಗ ಆ ನಾಟಕದ ಎರಡು ಪ್ರತಿ ದೇವದೂತರ ಕಪಾಟಿನಲ್ಲೇ ಇವೆ. ಹುಡುಗಿಯರು ಒಯ್ಯುತ್ತಾರೆ.

ಕೊನೆಯ ಅಧ್ಯಾಯದ ಬಗ್ಗೆ ಬರುವ ಸಿಟ್ಟು ಬೇರೆಯೇ. ಈ ಥರದ ಕಥೆಗಳಲ್ಲಿ ಯಾರೋ ಒಬ್ಬರು ಏನನ್ನಾದರೂ ಬಿಡಲೇಬೇಕು. ಅವನು ರೆಕ್ಕೆ ಬಿಟ್ಟು ಮನುಷ್ಯನಾಗಬೇಕು, ಇಲ್ಲವೇ ಅವಳು ಮನುಷ್ಯಜನ್ಮ ಬಿಟ್ಟು ಅವನ ಹಾಗಾಗಬೇಕು. ನಾನು ಗಮನಿಸಿದ ಮಟ್ಟಿಗೆ, ಹದಿನೇಳು ಹದಿನೆಂಟರವರಿಗೆ ಹುಡುಗಿ ಅಮರಳಾಗಬೇಕು. ಮೂವತ್ತೈದು ದಾಟಿದ ಹೆಂಗಸರಿಗೆ ಹುಡುಗ ಮನುಷ್ಯನಾಗಬೇಕು. "ಅವನಿಗೂ ವಯಸ್ಸಾಗ್ಲಿ, ಮಂಡಿ ನೋವು ಬರ್ಲಿ, ಆಗಲೂ ಇವಳ ಕೈ ಹಿಡಿದುಕೊಂಡಿದ್ರೆ ಅದು ಪ್ರೀತಿ" ಅಂದರು ಒಬ್ಬರು. ಆಸ್ಪತ್ರೆಯಲ್ಲಿ ನರ್ಸ್ ಆಗಿರುವ ಇನ್ನೊಬ್ಬರು ರಾತ್ರಿ ಪಾಳಿಯಲ್ಲಿ ಬಿಡುವಾದಾಗ ಓದುತ್ತಾರೆ. ಪುಸ್ತಕ ವಾಪಸ್ ಕೊಡುತ್ತಾ ನಿಧಾನವಾಗಿ ಹೇಳಿದರು: "ಸಾಯದೇ ಇರೋರ ಕಥೆ ನಂಗೆ ಬೇಕು. ಬೆಳಗಿನ ಜಾವ ನಾಲ್ಕು ಗಂಟೆಗೆ ಅದು ಬೇಕಾಗುತ್ತೆ." ನಾನು ಏನೂ ಹೇಳಲಿಲ್ಲ. ಆ ಸರಣಿಯ ಉಳಿದ ಭಾಗಗಳನ್ನು ಅವರಿಗೆ ಅಂತ ಎತ್ತಿಟ್ಟೆ.

ಇನ್ನು ಪೆನ್ಸಿಲ್‌ನ ಕಥೆ ಹೇಳಬೇಕು.

ಒಂದು ಕಾದಂಬರಿಯಲ್ಲಿ ನಾಯಕ ಹುಡುಗಿಗೆ ತಿಳಿಯದ ಹಾಗೆ ಅವಳ ಕೋಣೆಗೆ ಬಂದು, ಅವಳು ನಿದ್ದೆ ಮಾಡುವುದನ್ನು ನೋಡುತ್ತಾ ನಿಲ್ಲುತ್ತಾನೆ. ಈ ಕಥೆಗಳಲ್ಲಿ ಇಂಥ ದೃಶ್ಯ ಸಾಮಾನ್ಯ. ಆ ಪುಟದ ಅಂಚಿನಲ್ಲಿ ಯಾರೋ ಸಣ್ಣ ಅಕ್ಷರದಲ್ಲಿ ಬರೆದಿದ್ದರು: "ಇದು 354ಡಿ." ಕೆಳಗೆ ಇನ್ನೊಂದು ಕೈಬರಹ: "ಕಥೆ ಅಲ್ವಾ? ಬಿಡ್ರೀ." ಅದರ ಕೆಳಗೆ ಮೂರನೆಯವರು: "ನನ್ನ ಹಿಂದೆ ಒಬ್ಬ ಬಸ್ ಸ್ಟ್ಯಾಂಡಿನಿಂದ ಹಾಸ್ಟೆಲ್‌ವರೆಗೆ ಬರ್ತಿದ್ದ. ಅವನಿಗೆ ರೆಕ್ಕೆ ಇರಲಿಲ್ಲ."

ಲೈಬ್ರರಿ ನಿಯಮದ ಪ್ರಕಾರ ಪುಸ್ತಕದಲ್ಲಿ ಬರೆದರೆ ದಂಡ. ರಬ್ಬರ್ ಕೈಗೆತ್ತಿಕೊಂಡಿದ್ದೆ. ಮೂರನೇ ಸಾಲು ಓದಿ ಕೆಳಗಿಟ್ಟೆ. 354ಡಿ ಅಂದರೆ ಹೆಣ್ಣನ್ನು ಬೇಡವೆಂದರೂ ಹಿಂಬಾಲಿಸುವುದು ಅಪರಾಧ ಅನ್ನುವ ಕಲಂ, 2013ರಲ್ಲಿ ದಂಡ ಸಂಹಿತೆಗೆ ಸೇರಿದ್ದು. ಈಗ ಭಾರತೀಯ ನ್ಯಾಯ ಸಂಹಿತೆಯ 78ನೇ ಕಲಂ. ಮೊದಲು ಬರೆದವರು ಲಾ ಓದುವ ಹುಡುಗಿಯಿರಬೇಕು. ಯಾರು ಅಂತ ನಾನು ರಿಜಿಸ್ಟರ್ ತೆಗೆದು ಹುಡುಕಲಿಲ್ಲ. ಮೂರನೆಯವರು ಯಾರು ಅಂತಲೂ ಹುಡುಕಲಿಲ್ಲ. ಅವರು ಹೇಳಬೇಕಾದ ಜಾಗದಲ್ಲಿ ಹೇಳಿಕೊಂಡಿದ್ದಾರೆ, ಅದನ್ನು ಕೆದಕುವುದು ನನ್ನ ಕೆಲಸ ಅಲ್ಲ. ಬದಲಿಗೆ ಹಿಂದಿನ ರಟ್ಟಿನ ಒಳಗೆ ಒಂದು ಬಿಳಿ ಹಾಳೆ ಅಂಟಿಸಿ, ಮೇಲೆ "ಎಲ್ಲಿ ಸಿಟ್ಟು ಬಂತು?" ಅಂತ ಬರೆದೆ. ಕೆಳಗೆ ಮಹಿಳಾ ಸಹಾಯವಾಣಿ 181ರ ನಂಬರ್ ಹಾಕಿದೆ. ಆ ಕಪಾಟಿನ ಎಲ್ಲ ಪುಸ್ತಕಕ್ಕೂ ಹೀಗೇ ಮಾಡಿದೆ. ಪೆನ್ಸಿಲ್ ಮಾತ್ರ, ಹೆಸರು ಬೇಡ ಅಂತ ನಿಯಮ.

ಎರಡು ವರ್ಷದಲ್ಲಿ ಕೆಲವು ಹಾಳೆ ತುಂಬಿ, ಮೇಲೆ ಇನ್ನೊಂದು ಅಂಟಿಸಬೇಕಾಯಿತು. ನನ್ನ ಜೊತೆ ಕೆಲಸ ಮಾಡುವ ಹೊಸ ಹುಡುಗನಿಗೆ ಮೊದಲ ವಾರ ನಾನು ಬೇರೆ ಏನೂ ಹೇಳಿಕೊಡಲಿಲ್ಲ. ಕೂತು ಈ ಹಾಳೆಗಳನ್ನು ಓದು ಅಂದೆ. ಓದಿ ಮುಗಿಸಿದ ಮೇಲೆ ಅವನು ಪುಸ್ತಕ ಕೊಡುವ ರೀತಿಯೇ ಬೇರೆಯಾಯಿತು. ಎದುರಿಗಿರುವವರ ಮುಖ ನೋಡುತ್ತಾನೆ, ಅವಸರ ಮಾಡುವುದಿಲ್ಲ.

ಈ ಸಲದ ಜುಲೈ ಮಳೆಗೆ ಆ ಪೆನ್ಸಿಲ್ ಬರಹದ ಪುಸ್ತಕ ಹಾಳಾಯಿತು. ಗೋಡೆಯಿಂದ ನೀರು ಇಳಿದು, ಹೊಲಿಗೆ ಬಿಟ್ಟು, ಪುಟಗಳು ಅಲೆ ಅಲೆಯಾಗಿ ಎದ್ದವು. ಹೊಸ ಪ್ರತಿ ತರಿಸಿ ಕಪಾಟಿನಲ್ಲಿಟ್ಟೆ. ಎರಡೇ ವಾರದಲ್ಲಿ ಮೂರು ಜನ ಅದನ್ನು ತೆರೆದು ನೋಡಿ ಹಾಗೇ ಇಟ್ಟರು. ಹಳೇದು ಎಲ್ಲಿ, ಆ ಪುಟ ಏನಾಯ್ತು ಅಂತ ಕೇಳಿದರು. ಪುಟಗಳ ನಡುವೆ ಒತ್ತುಕಾಗದ ಇಟ್ಟು, ಮೇಲೆ ನಿಘಂಟು ಹೇರಿ ಒಣಗಿಸಿದ್ದೇನೆ. ಪೆನ್ಸಿಲ್ ಅಳಿಸಿಲ್ಲ. ಸದ್ಯ ಬೈಂಡಿಂಗ್‌ನವರ ಹತ್ತಿರ ಇದೆ. ಅಂಚು ಕತ್ತರಿಸಬೇಡಿ, ಅಕ್ಷರ ಹೋಗುತ್ತೆ ಅಂತ ಎರಡು ಸಲ ಹೇಳಿ ಬಂದಿದ್ದೇನೆ. ಸೋಮವಾರ ಕೊಡುತ್ತಾರಂತೆ.